ಮಗಳಿಗೊಂದು ಪತ್ರ: ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು

ಪ್ರೀತಿಯ ಪುಟ್ಟಿ,

ಕಂಪ್ಯೂಟರ್ ಸಾಮಾನೆಲ್ಲ ಬಂತು ಅಂತ ಫೋಟೊ ಕಳಿಸಿದೆಯಲ್ಲ, ನೋಡಿ ತುಂಬಾ ಖುಷಿಯಾಯಿತು. ಅಂಗಡಿಯವರ ಕೈಲೇ ಜೋಡಿಸಲಿ ಅನ್ನುತ್ತಿದ್ದಾರೆ ನಿಮ್ಮಪ್ಪ. ಬೇಡ, ನೀನೇ ಜೋಡಿಸು. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಇಷ್ಟು ವರ್ಷ ಮಕ್ಕಳಿಗೆ ಇದನ್ನೇ ಕಲಿಸಿದವಳು ನಾನು. ಎಲ್ಲಿ ಕೈ ಹಗುರ ಇರಬೇಕು, ಎಲ್ಲಿ ಗಟ್ಟಿ ಒತ್ತಬೇಕು ಅನ್ನೋದು ಗೊತ್ತಿದ್ದರೆ ಸಾಕು.

ಮದರ್‌ಬೋರ್ಡನ್ನು, ಅಂದರೆ ಭಾಗಗಳನ್ನೆಲ್ಲ ಜೋಡಿಸುವ ದೊಡ್ಡ ಹಲಗೆಯನ್ನು, ಕ್ಯಾಬಿನೆಟ್ ಒಳಗೆ ಹಾಕುವ ಮುಂಚೆಯೇ ಪ್ರೊಸೆಸರ್ (ಕಂಪ್ಯೂಟರಿನ ಮುಖ್ಯ ಚಿಪ್) ಮತ್ತು ಅದರ ಬಿಸಿ ಹೊರಹಾಕುವ ಹೀಟ್‌ಸಿಂಕ್ ಕೂರಿಸಿಬಿಡು. ಹಾಸಿಗೆ ಮೇಲೆ ಬೇಡ, ಮೇಜಿನ ಮೇಲೆ. ಕಲಬುರಗಿಯ ಒಣಹವೆಯಲ್ಲಿ ಮೈಮೇಲೆ ಸ್ಟ್ಯಾಟಿಕ್ ವಿದ್ಯುತ್ ಜಾಸ್ತಿ, ಅದು ಚಿಪ್ ಕೆಡಿಸಬಹುದು, ಆಗಾಗ ಕ್ಯಾಬಿನೆಟ್‌ನ ಬರಿಯ ಲೋಹ ಮುಟ್ಟುತ್ತಿರು.

ನಿನ್ನ ಪ್ರೊಸೆಸರ್ ಇಂಟೆಲ್‌ನ ಕೋರ್ ಐ5-12400. ಅದರ ಕೆಳಗೆ ಪಿನ್ ಇಲ್ಲ, ಚಪ್ಪಟೆ ಚಿನ್ನದ ಬಣ್ಣದ ಚುಕ್ಕೆಗಳಷ್ಟೇ. ಪಿನ್‌ಗಳು ಇರುವುದು ಬೋರ್ಡಿನ ಸಾಕೆಟ್‌ನಲ್ಲಿ, ಅಂದರೆ ಪ್ರೊಸೆಸರ್ ಕೂರುವ ಜಾಗದಲ್ಲಿ, ಒಟ್ಟು 1700. ಕೂದಲಿನಷ್ಟು ತೆಳು. ಒಂದು ಬಾಗಿದರೂ ಬೋರ್ಡ್ ಕೆಲಸಕ್ಕೆ ಬಾರದೆ ಹೋಗಬಹುದು. ಅಲ್ಲಿಗೆ ಬೆರಳು, ಬಟ್ಟೆ, ದುಪಟ್ಟದ ಅಂಚು ಏನೂ ತಾಗಬಾರದು.

ಸಾಕೆಟ್ ಪಕ್ಕದ ಲಿವರನ್ನು ಒತ್ತಿ, ಸ್ವಲ್ಪ ಹೊರಕ್ಕೆ ಸರಿಸಿ ಮೇಲಕ್ಕೆತ್ತು. ಲೋಹದ ಚೌಕಟ್ಟು ತೆರೆಯುತ್ತದೆ. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಅದರ ಮೂಲೆಯ ತ್ರಿಕೋನ ಸಾಕೆಟ್‌ನ ತ್ರಿಕೋನದ ಕಡೆ ಬರುವಂತೆ, ನೇರವಾಗಿ ಕೆಳಗಿಳಿಸಿ ಬಿಡು. ಅದು ತನ್ನ ಭಾರಕ್ಕೇ ಕೂರುತ್ತದೆ. ಕೂರಲಿಲ್ಲ ಅಂದರೆ ಒತ್ತಬೇಡ, ಎತ್ತಿ ಮತ್ತೆ ದಿಕ್ಕು ನೋಡು.

ಆಮೇಲೆ ಚೌಕಟ್ಟು ಮುಚ್ಚಿ ಲಿವರ್ ಇಳಿಸು. ಇಲ್ಲಿ ಮಾತ್ರ ಬಲ ಬೇಕು. ಕಿರ್ ಅನ್ನುತ್ತದೆ, ಬೆರಳು ನೋಯುತ್ತದೆ. ಮೊದಲ ಸಲ ಎಲ್ಲರೂ ಇಲ್ಲೇ ಹೆದರುವುದು. 1700 ಪಿನ್‌ಗಳೂ ಒಂದೇ ಸಮನೆ ತಾಗಬೇಕಲ್ವಾ, ಅದಕ್ಕೇ ಅಷ್ಟು ಬಿಗಿ. ಚೌಕಟ್ಟಿನ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನೇ ಚಿಮ್ಮಿ ಬರುತ್ತದೆ. ಎಸೆಯಬೇಡ, ಮುಂದೆ ಬೋರ್ಡನ್ನು ವಾರಂಟಿಗೆ ಕಳಿಸುವುದಾದರೆ ಅದು ಬೇಕಾಗುತ್ತದೆ.

ಈಗ ಹೀಟ್‌ಸಿಂಕ್. ಫ್ಯಾನ್ ಸೇರಿಸಿ ಇದನ್ನೇ ಕೂಲರ್ ಅನ್ನುವುದು. ಈ ಪ್ರೊಸೆಸರ್ ಸಾಮಾನ್ಯವಾಗಿ 65 ವ್ಯಾಟ್, ಜೋರು ಕೆಲಸದಲ್ಲಿ 117 ವ್ಯಾಟ್‌ವರೆಗೆ ಎಳೆಯುತ್ತದೆ. ಹಳೇ 100 ವ್ಯಾಟ್ ಬಲ್ಬು ಮುಟ್ಟಿದರೆ ಕೈ ಸುಡುತ್ತಿತ್ತು. ಅಷ್ಟೇ ಬಿಸಿ ಇಲ್ಲಿ 45 ಮಿ.ಮೀ. ಉದ್ದ, 37.5 ಮಿ.ಮೀ. ಅಗಲದ ಜಾಗದಿಂದ ಹೊರಗೆ ಹೋಗಬೇಕು. ಎರಡು ಲೋಹ ಎಷ್ಟೇ ನುಣುಪಾಗಿದ್ದರೂ ನಡುವೆ ಸಣ್ಣ ಸಣ್ಣ ಸಂದು ಇರುತ್ತದೆ. ಅಲ್ಲಿ ಗಾಳಿ ನಿಂತರೆ ಬಿಸಿ ದಾಟುವುದಿಲ್ಲ. ಆ ಸಂದು ತುಂಬುವುದೇ ಥರ್ಮಲ್ ಪೇಸ್ಟ್‌ನ ಕೆಲಸ. ಪ್ರೊಸೆಸರ್ ಡಬ್ಬಿಯಲ್ಲೇ ಬಂದ ನಿನ್ನ ಕೂಲರಿಗೆ ಅದನ್ನು ಮೊದಲೇ ಹಚ್ಚಿರುತ್ತಾರೆ, ಸುಮ್ನೆ ಮುಟ್ಟಿ ನೋಡಬೇಡ. ಒಮ್ಮೆ ಕೂರಿಸಿ ಮತ್ತೆ ತೆಗೆದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ, ನಡುವೆ ಬಟಾಣಿಯಷ್ಟು ಹೊಸ ಪೇಸ್ಟ್ ಇಡು.

ಕೂಲರಿನ ನಾಲ್ಕು ಕಾಲುಗಳನ್ನು ಬೋರ್ಡಿನ ತೂತುಗಳಿಗೆ ಸರಿಯಾಗಿ ಇಳಿಸಿ, ಎದುರುಬದುರು ಮೂಲೆಯ ಕ್ರಮದಲ್ಲಿ ಒತ್ತು. ಒಂದೇ ಬದಿ ಮೊದಲು ಒತ್ತಿದರೆ ಕೂಲರ್ ವಾಲುತ್ತದೆ. ಪ್ರತಿ ಕಾಲೂ ಟಕ್ ಅನ್ನಬೇಕು. ಆಮೇಲೆ ಬೋರ್ಡ್ ಎತ್ತಿ ಹಿಂದೆ ನೋಡು, ನಾಲ್ಕರ ತುದಿಯೂ ಹೊರಬಂದು ಅಗಲವಾಗಿರಬೇಕು. ಇದನ್ನು ತಪ್ಪದೆ ನೋಡು, ಮೂರೇ ಕಾಲು ಕೂತಿದ್ದರೂ ಮೇಲಿಂದ ಗೊತ್ತಾಗುವುದಿಲ್ಲ. ಫ್ಯಾನಿನ ವೈರ್ 'ಸಿಪಿಯು ಫ್ಯಾನ್' ಅಂತ ಬರೆದಿರುವ ಕಡೆಗೇ ಹಾಕು.

ಆನ್ ಮಾಡಿದ ಮೇಲೆ ಮೊದಲು ಬಯೋಸ್‌ಗೆ (ಬೋರ್ಡಿನ ಸ್ವಂತ ಸೆಟ್ಟಿಂಗ್ ಪರದೆ) ಹೋಗಿ ಟೆಂಪರೇಚರ್ ನೋಡು. ಸುಮ್ಮನಿದ್ದಾಗಲೇ ಸರಸರ ಏರಿ 80, 90 ಡಿಗ್ರಿ ದಾಟಿದರೆ ತಕ್ಷಣ ಆಫ್ ಮಾಡು, ಕೂಲರ್ ಸರಿಯಾಗಿ ಕೂತಿಲ್ಲ ಅಂತ. 100 ಡಿಗ್ರಿ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಈ ಕೂಲರ್ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ನಿಮ್ಮೂರಲ್ಲಿ ಏಪ್ರಿಲ್, ಮೇನಲ್ಲಿ ಹೊರಗೇ 40 ದಾಟುತ್ತದೆ. ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಡಬೇಡ, ಫ್ಯಾನಿನ ಧೂಳು ಆಗಾಗ ತೆಗಿ.

ಶುರು ಮಾಡುವ ಮುಂಚೆ ಸಾಕೆಟ್ಟಿನ ಫೋಟೊ ಒಂದು ಹತ್ತಿರದಿಂದ ತೆಗೆದು ಕಳಿಸು. ಪಿನ್‌ಗಳನ್ನು ನಾನೂ ಒಮ್ಮೆ ನೋಡುತ್ತೇನೆ.

ನಿನ್ನ ಅಮ್ಮ