ಚೆಂಡು ಔಟೇ ಆಗದ ಟೆನಿಸ್

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು, ವಿಡಿಯೊ ಗೇಮ್ ಅಂದರೆ ಬರೀ ಗುಂಡು ಹಾರಿಸುವುದು, ಮಕ್ಕಳ ತಲೆ ಕೆಡಿಸುವುದು ಅಂತ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅವರು ಒಂದನ್ನೂ ಕೈಯಲ್ಲಿ ಹಿಡಿದು ನೋಡಿಲ್ಲ ಅನ್ನುವುದು ಎರಡನೇ ಸಾಲಿಗೇ ಗೊತ್ತಾಯಿತು. ನಾನು ಆಡುತ್ತೇನೆ. ವಯಸ್ಸು 47, ಮಾದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಹಾಗಾಗಿ ಆಡುವವನೊಬ್ಬ ಹೇಳುವ ಮಾತನ್ನೂ ಒಂದು ದಿನ ಹಾಕಿ ಅಂತ ಈ ಪತ್ರ.

ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ನಮ್ಮ ಮಳೆ ತಿಂಗಳಲ್ಲಿ, ಹಗಲಿಗೂ ಲೈಟ್ ಹಾಕಬೇಕು, ಒಗೆದ ಬಟ್ಟೆ ಒಲೆಯ ಮೇಲೆ ವಾರಗಟ್ಟಲೆ ನೇತಾಡುತ್ತಿರುತ್ತದೆ, ತೋಟಕ್ಕೆ ಹೋಗಿ ಬಂದರೆ ಜಿಗಣೆ ಕೀಳುವುದೇ ಒಂದು ಕೆಲಸ. ಇಂಥದ್ದರಲ್ಲಿ ಬೆಂಗಳೂರಿನಲ್ಲಿರುವ ತಂಗಿಯ ಮಗ ಒಮ್ಮೆ ರಜೆಗೆ ಬಂದವನು ತನ್ನ ಹಳೆಯ ಪ್ಲೇಸ್ಟೇಷನ್ 3, ಅಂದರೆ ಟಿವಿಗೆ ಜೋಡಿಸಿ ಗೇಮ್ ಆಡುವ ಪೆಟ್ಟಿಗೆ, ಇಲ್ಲೇ ಬಿಟ್ಟುಹೋದ. ಜೊತೆಗೆ ಕೈಯಲ್ಲಿ ಹಿಡಿದು ಬಟನ್ ಒತ್ತುವ ಎರಡು ಕಂಟ್ರೋಲರ್, ಒಂದು ಗೇಮ್ ಡಿಸ್ಕ್. ಸೆಗಾ ಕಂಪನಿಯ ವರ್ಚುವಾ ಟೆನಿಸ್ 3. ಬಂದಿದ್ದು 2007ರಲ್ಲಿ, ಅಂದರೆ ಹಳೇದೇ. ಆದರೆ ನಮ್ಮ ಮನೆಯಲ್ಲಿ ಅದು ಇನ್ನೂ ಹೊಸದು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಮೂರು ಬಟನ್, ಅಷ್ಟೇ. ಒಂದು ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವ ಏಟು), ಒಂದು ಸ್ಲೈಸ್ (ಹಿಂದಕ್ಕೆ ತಿರುಗುವ ಏಟು), ಒಂದು ಲಾಬ್ (ಎದುರಾಳಿಯ ತಲೆ ಮೇಲಿಂದ ಎತ್ತರಕ್ಕೆ ಎತ್ತುವ ಏಟು). ಸರ್ವ್ ಮಾಡುವಾಗ, ಅಂದರೆ ಪಾಯಿಂಟ್ ಶುರುಮಾಡುವ ಏಟಿಗೆ, ಪಕ್ಕದಲ್ಲಿ ಒಂದು ಪಟ್ಟಿ ಮೇಲೇರುತ್ತದೆ, ತುದಿಗೆ ಬಂದಾಗ ಒತ್ತಿದರೆ ಬಿರುಸಾದ ಸರ್ವ್. ಐದು ನಿಮಿಷದಲ್ಲಿ ಯಾರು ಬೇಕಾದರೂ ಕಲಿಯಬಹುದು. ಪಕ್ಕದ ತೋಟದ ಸುಬೇದಾರರು ಇದಕ್ಕೆ ಸಾಕ್ಷಿ. ಮಿಲಿಟರಿಯಿಂದ ರಿಟೈರ್ ಆಗಿ ಬಂದವರು, ಒಂದು ಕಾಲದಲ್ಲಿ ಕುಟುಂಬದ ಹಾಕಿ ತಂಡದಲ್ಲಿ ಆಡಿದವರು, ರಿಮೋಟ್ ಕೊಟ್ಟರೂ ಚಾನೆಲ್ ಬದಲಿಸಲು ನನ್ನನ್ನೇ ಕರೆಯುವವರು. ಒಂದು ಸಂಜೆ ಕಾಫಿ ಕುಡಿಯಲು ಬಂದವರ ಕೈಗೆ ಸುಮ್ನೆ ಒಂದು ಕಂಟ್ರೋಲರ್ ಕೊಟ್ಟೆ. ಮೊದಲ ಗೇಮ್ ಸೋತರು, ಎರಡನೆಯದರಲ್ಲಿ ಡ್ಯೂಸ್‌ವರೆಗೆ, ಅಂದರೆ 40-40 ಸಮದವರೆಗೆ, ಬಂದರು, ಮೂರನೆಯದರಲ್ಲಿ ಪರದೆಯ ಮೇಲಿನ ನನ್ನ ಆಟಗಾರ ಫೆಡರರ್‌ನನ್ನು ಅವರ ಆಟಗಾರ ನಡಾಲ್ ಕೋರ್ಟಿನ ಈ ಮೂಲೆಯಿಂದ ಆ ಮೂಲೆಗೆ ಓಡಿಸಿ ಓಡಿಸಿ ಸುಸ್ತು ಮಾಡಿಸಿದ. ಕಾಫಿ ಆರಿ ತಣ್ಣಗಾಗಿತ್ತು.

ಆಮೇಲೆ ಅವರು ಒಂದು ಮಾತು ಕೇಳಿದರು. "ಎಷ್ಟು ಜೋರಾಗಿ ಹೊಡೆದ್ರೂ ಔಟೇ ಆಗಲ್ವಲ್ಲ ಮಾರಾಯ, ಗೆರೆ ಹತ್ರ ಯಾರಾದ್ರೂ ಕೂತ್ಕೊಂಡು ಒಳಗೆ ತಳ್ತಿದ್ದಾರಾ?"

ನಾನು ಎಷ್ಟೋ ದಿನದಿಂದ ಆಡುತ್ತಿದ್ದೆ, ನನಗೆ ಅದು ಹೊಳೆದಿರಲಿಲ್ಲ. ಹೌದಲ್ವಾ? ಈ ಆಟದಲ್ಲಿ ಚೆಂಡು ಔಟ್ ಆಗುವುದು, ನೆಟ್ಟಿಗೆ ಬಡಿಯುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೇಗ ಹೋಗಿ ನಿಂತು ಹೊಡೆದರೆ ಏಟು ಜೋರು, ತಡವಾಗಿ ಹೋದರೆ ಮೆತ್ತಗೆ, ಅಷ್ಟೇ ವ್ಯತ್ಯಾಸ. ಎರಡೂ ಗೆರೆಯ ಒಳಗೇ ಬೀಳುತ್ತವೆ. ತೀರಾ ದೂರ ಇದ್ದರೆ ಆಟಗಾರ ತಾನಾಗಿಯೇ ಹಾರಿ ಬೀಳುತ್ತಾನೆ. ಸಿಮೆಂಟ್ ಕೋರ್ಟಿನಲ್ಲಿ ಹತ್ತು ಸಲ ಹಾರಿ ಬಿದ್ದರೂ ಮಂಡಿ ತರಚುವುದಿಲ್ಲ, ಎದ್ದು ನಿಂತು ಮತ್ತೆ ಓಡುತ್ತಾನೆ. ನಿಜವಾದ ಟೆನಿಸ್‌ನಲ್ಲಿ ಎದುರಾಳಿ ತಪ್ಪು ಮಾಡಲಿ ಅಂತ ಕಾಯುವುದೇ ಅರ್ಧ ಆಟ. ಇಲ್ಲಿ ಕಾದು ಕೂತರೆ ಬೆಳಗಾಗುತ್ತದೆ.

ಇದು ಯಾಕೆ ಹೀಗೆ ಅನ್ನುವುದಕ್ಕೆ ಕಾರಣ ಇದೆ. ಈ ಸರಣಿಯ ಮೊದಲ ಆಟ 1999ರಲ್ಲಿ ಬಂದಿದ್ದು ಮನೆಗೆ ಅಲ್ಲ, ನಾಣ್ಯ ಹಾಕಿ ಆಡುವ ಮೆಷಿನ್‌ಗೆ. ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿ ಇರುತ್ತದಲ್ಲ, ಲೆಕ್ಕಾಚಾರ ಅದೇ. ಬಂದವನಿಗೆ ಮೂರ್ನಾಲ್ಕು ನಿಮಿಷದಲ್ಲಿ ಮಜಾ ಸಿಗಬೇಕು, ಸೋತರೆ ಇನ್ನೊಂದು ನಾಣ್ಯ ಹಾಕಬೇಕು ಅನಿಸಬೇಕು. ಮೊದಲ ನಾಲ್ಕು ಏಟೂ ಔಟ್ ಆದರೆ ಅವನು ಪಕ್ಕದ ಕಾರ್ ರೇಸಿಗೆ ಹೋಗಿಬಿಡುತ್ತಾನೆ. ಅದಕ್ಕೇ ಮ್ಯಾಚ್‌ಗಳೂ ಚುಟುಕು, ಹೆಚ್ಚಾಗಿ ಒಂದೆರಡು ಗೇಮ್‌ನಲ್ಲಿ ಮುಗಿಯುತ್ತದೆ. ತಮಾಷೆ ಏನೆಂದರೆ 1958ರಲ್ಲೇ ಅಮೆರಿಕದ ಬ್ರೂಕ್‌ಹೇವನ್ ಲ್ಯಾಬ್‌ನಲ್ಲಿ ವಿಲಿಯಂ ಹಿಗಿನ್‌ಬಾಥಮ್ ಅನ್ನುವ ವಿಜ್ಞಾನಿ, ಲ್ಯಾಬ್ ನೋಡಲು ಬರುವ ಜನರಿಗೆ ಬೇಜಾರಾಗದಿರಲಿ ಅಂತ ಆಸಿಲೋಸ್ಕೋಪ್ ಅನ್ನುವ, ವಿದ್ಯುತ್ ಅಲೆ ತೋರಿಸುವ ಉಪಕರಣದ ಪುಟ್ಟ ಪರದೆಯ ಮೇಲೆ ಇಬ್ಬರು ಆಡುವ ಟೆನಿಸ್ ಮಾಡಿದ್ದ. ಒಂದು ಅಡ್ಡಗೆರೆ, ಮಧ್ಯೆ ಒಂದು ಚಿಕ್ಕ ಉದ್ದಗೆರೆ, ಒಂದು ಚುಕ್ಕಿ. ಅದರಲ್ಲೂ ಚೆಂಡು ನೆಟ್ಟಿಗೆ ಬಡಿಯುತ್ತಿತ್ತು!

ಇದರಿಂದ ತೊಂದರೆ ಏನು ಅಂತ ಕೇಳಬಹುದು. ಹೋದ ಬೇಸಿಗೆಯಲ್ಲಿ ತಂಗಿಯ ಮಗ ಮತ್ತೆ ಬಂದಿದ್ದ. ಗೇಮ್‌ನಲ್ಲಿ 300ನೇ ರ‍್ಯಾಂಕ್‌ನಿಂದ ಶುರುಮಾಡಿ ಫೆಡರರ್‌ನನ್ನೂ ಸೋಲಿಸಿದವನು. "ಮಾವ, ನಿಜವಾದ ಕೋರ್ಟಲ್ಲಿ ಆಡೋಣ" ಅಂದ. ಹತ್ತಿರದ ಒಂದು ಕೋರ್ಟಿಗೆ ಕರೆದುಕೊಂಡು ಹೋದೆ. ಮೊದಲ ಏಟಿಗೇ ಚೆಂಡು ಬೇಲಿ ದಾಟಿ ಪಕ್ಕದವರ ಕಾಫಿ ಗಿಡಗಳ ನಡುವೆ ಬಿತ್ತು. ಎರಡನೆಯದೂ ಅಲ್ಲೇ. ಮೂರನೆಯದು ನೆಟ್ಟಿಗೆ. ಅರ್ಧ ಗಂಟೆಯಲ್ಲಿ ನಾವು ಆಡಿದ್ದಕ್ಕಿಂತ ಚೆಂಡು ಹುಡುಕಿದ್ದೇ ಜಾಸ್ತಿ. ಹುಡುಗನ ಮುಖ ಸಪ್ಪೆಯಾಯಿತು. ಚೆಂಡನ್ನು ಗೆರೆಯ ಒಳಗೆ ಇಡುವುದೇ ಟೆನಿಸ್‌ನ ಮುಕ್ಕಾಲು ಭಾಗ, ಅದನ್ನು ಗೇಮ್ ಅವನಿಗೆ ಪುಕ್ಕಟೆ ಕೊಟ್ಟುಬಿಟ್ಟಿತ್ತು. ಆದರೆ ಚೆಂಡು ಎಲ್ಲಿಗೆ ಬರುತ್ತದೆ ಅಂತ ಊಹಿಸಿ ಹೋಗಿ ನಿಲ್ಲುವುದು ಅವನಿಗೆ ಆಗಲೇ ಬರುತ್ತಿತ್ತು. ಅದನ್ನು ಕಲಿಸಿದ್ದೂ ಗೇಮೇ ಅಂತ ಒಪ್ಪಲೇಬೇಕು.

ನನ್ನ ಇನ್ನೊಂದು ತಕರಾರು ಡಬಲ್ಸ್, ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಆಟದ ಬಗ್ಗೆ. ಇದನ್ನು ಮಾದಾಪುರದವನಾಗಿ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಕಡೆಯ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಅದೇ ವಯಸ್ಸಿನಲ್ಲಿ ಡಬಲ್ಸ್‌ನ ನಂಬರ್ ಒನ್ ಕೂಡ ಆದರು. ಆ ವಯಸ್ಸಿನಲ್ಲಿ ಗೆದ್ದಿದ್ದು ಬರೀ ಓಡಿ ಅಲ್ಲ. ಬಿರುಸಾದ ಸರ್ವ್, ನೆಟ್ ಹತ್ತಿರ ನಿಂತವರು ಬೆನ್ನ ಹಿಂದೆ ಬೆರಳಲ್ಲಿ ಸನ್ನೆ ಮಾಡುವುದು, ಸರಿಯಾದ ಹೊತ್ತಿಗೆ ಅಡ್ಡ ನುಗ್ಗಿ ಚೆಂಡು ಕಸಿಯುವುದು, ಇದೆಲ್ಲ ಸೇರಿ ಡಬಲ್ಸ್. ಈ ಗೇಮ್‌ನಲ್ಲಿ ಅದ್ಯಾವುದೂ ಇಲ್ಲ. ಒಬ್ಬನೇ ಕೂತು ಡಬಲ್ಸ್ ಆಡಿ ನೋಡಿ, ಕಂಪ್ಯೂಟರ್ ಕೊಡುವ ಜೊತೆಗಾರ ಮದುವೆ ಮನೆಗೆ ಬಂದ ದೂರದ ನೆಂಟನ ಹಾಗೆ ನಿಂತಿರುತ್ತಾನೆ. ಮಧ್ಯದಲ್ಲಿ ಬರುವ ಚೆಂಡನ್ನು ನಾನು ತಗೊಳ್ಳಬೇಕಾ ಅವನಾ ಅಂತ ಯೋಚಿಸುವಷ್ಟರಲ್ಲಿ ಪಾಯಿಂಟ್ ಹೋಗಿರುತ್ತದೆ. ಕೊನೆಗೆ ನಾನೇ ಇಡೀ ಅಗಲ, ಗೆರೆಯಿಂದ ಗೆರೆಗೆ 10.97 ಮೀಟರ್, ಓಡುತ್ತೇನೆ. ಆಟಗಾರರ ಪಟ್ಟಿ ನೋಡಿದರೂ ಸಿಂಗಲ್ಸ್‌ನ ದೊಡ್ಡ ಹೆಸರುಗಳೇ. ಡಬಲ್ಸ್‌ನಲ್ಲಿ ಜೀವ ತೇದವರನ್ನು ಯಾರು ಕೇಳಬೇಕು?

ಆದರೆ ಅದೇ ಡಬಲ್ಸನ್ನು ನಾಲ್ಕು ಜನ ಸೇರಿ ಆಡಿದರೆ ಬೇರೆಯೇ ಕಥೆ. ಇದಕ್ಕೆ ಅಂತಲೇ ಇನ್ನೆರಡು ಹಳೆಯ ಕಂಟ್ರೋಲರ್ ಹುಡುಕಿ ತಂದೆ. ನಾನು, ನನ್ನ ಹೆಂಡತಿ ಒಂದು ಕಡೆ, ಸುಬೇದಾರರು, ಅವರ ಮೊಮ್ಮಗಳು ಇನ್ನೊಂದು ಕಡೆ. "ನಿಂದು ನಿಂದು", "ಬಿಡು ಬಿಡು ನಾನು ತಗೋತೀನಿ", "ಅಯ್ಯೋ ಅಜ್ಜ" ಅಂತ ಮಳೆಯ ಸದ್ದಿಗಿಂತ ಜೋರು ಕೂಗಾಟ. ಹಂಚು ಹಾರಿಹೋಗದಿದ್ದರೆ ಪುಣ್ಯ. ಇಲ್ಲಿ ಚೆಂಡು ಔಟ್ ಆಗದಿರುವುದೇ ವರ. ಹನ್ನೊಂದು ವರ್ಷದವಳೂ ಎಪ್ಪತ್ತು ದಾಟಿದವರೂ ಒಂದೇ ರ‍್ಯಾಲಿಯಲ್ಲಿ ಇಪ್ಪತ್ತು ಏಟು ಆಡಬೇಕಾದರೆ ಆಟ ಒಂದಷ್ಟು ಕ್ಷಮಿಸಲೇಬೇಕು ನೋಡಿ. ಒಂದು ಸಲ ಮ್ಯಾಚ್ ಪಾಯಿಂಟ್‌ನಲ್ಲಿ, ಲಾಬ್ ಇನ್ನೂ ಗಾಳಿಯಲ್ಲಿರುವಾಗ ಕರೆಂಟ್ ಹೋಯಿತು. ಇನ್ವರ್ಟರ್ ಬ್ಯಾಟರಿ ಮೊದಲೇ ಖಾಲಿ. ಆ ಪಾಯಿಂಟ್ ಯಾರದ್ದು ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ.

ಒಬ್ಬನೇ ಆಡುವ ಭಾಗ ಮಾತ್ರ ಬೇಗ ಬೇಜಾರು ತರಿಸುತ್ತದೆ. ಶುರುವಿನ ಎದುರಾಳಿಗಳನ್ನು ನಿದ್ದೆಗಣ್ಣಲ್ಲೂ ಸೋಲಿಸಬಹುದು, ತುಂಬಾ ಮೇಲೆ ಹೋದಮೇಲೇ ಬಿಸಿ ತಟ್ಟುವುದು. ಹುಲ್ಲು, ಮಣ್ಣು, ಸಿಮೆಂಟ್ ಕೋರ್ಟ್‌ಗಳು ಕಣ್ಣಿಗೆ ಬೇರೆ ಬೇರೆ, ಕೈಗೆ ಹೆಚ್ಚುಕಡಿಮೆ ಒಂದೇ. ಅಭ್ಯಾಸದ ಚಿಕ್ಕ ಆಟಗಳು ಮಾತ್ರ ಚೆನ್ನಾಗಿವೆ. ಮೊಸಳೆಗೆ ಮಾಂಸ ಹೊಡೆದು ತಿನ್ನಿಸುವುದು, ಸರ್ವ್ ಮಾಡಿ ಬೌಲಿಂಗ್ ಪಿನ್ ಉರುಳಿಸುವುದು, ಮೇಲಿಂದ ಉರುಳಿ ಬರುವ ದೈತ್ಯ ಚೆಂಡುಗಳಿಂದ ತಪ್ಪಿಸಿಕೊಳ್ಳುವುದು. ಟೆನಿಸ್‌ಗೂ ಅದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ನನ್ನ ಹೆಂಡತಿ ಮ್ಯಾಚ್‌ಗಿಂತ ಮೊಸಳೆಗೇ ಜಾಸ್ತಿ ಹೊತ್ತು ಕೊಡುತ್ತಾಳೆ.

ಕೊನೆಯದಾಗಿ, ಇದನ್ನು ಓದಿ ಯಾರಾದರೂ ಈ ಮಳೆಗಾಲಕ್ಕೆ ತಗೊಳ್ಳೋಣ ಅಂದುಕೊಂಡರೆ ಒಂದೆರಡು ಮಾತು. ಹಳೆಯ ಡಿಸ್ಕ್ ಕೊಳ್ಳುವುದಾದರೆ ಲೈಟಿಗೆ ಹಿಡಿದು ಗೀರು ಇದೆಯಾ ನೋಡಿ. ನಮ್ಮ ಮೊದಲ ಡಿಸ್ಕ್ ಹಾಳಾದಮೇಲೆ ಪೇಟೆಯ ಒಂದು ಅಂಗಡಿಯಿಂದ ತಂದದ್ದು ಎರಡೇ ದಿನಕ್ಕೆ ನಿಂತುಹೋಗಿ, ದುಡ್ಡು ವಾಪಸ್ ಕೇಳಿದರೆ "ನಿಮ್ಮ ಮೆಷಿನ್ನೇ ಸರಿಯಿಲ್ಲ" ಅಂದರು. ಮತ್ತೆ, ಹೊಸ ಗೇಮ್ ಬೇಕಾ ಎರಡನೇ ಕಂಟ್ರೋಲರ್ ಬೇಕಾ ಅಂತ ಲೆಕ್ಕ ಹಾಕುತ್ತಿದ್ದರೆ, ಕಂಟ್ರೋಲರನ್ನೇ ಮೊದಲು ತಗೊಳ್ಳಿ.

ಇಂತಿ,
ನಿಮ್ಮ ಹಳೆಯ ಓದುಗ,
ಮಾದಾಪುರ ಕಡೆಯವನು, ಕೊಡಗು