ಯೆಜ್ಡಿಗೆ ಚೇಂಬರ್ ಕೊಳ್ಳುವ ಮುನ್ನ ಐದು ಅಂಕಿ ಕೇಳಿ

ಮಾನ್ಯ ಸಂಪಾದಕರೇ,

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಗಾಡಿಗಳು ಇನ್ನೂ ಓಡುತ್ತಿವೆ, ಕೆಲವು ಹಳೆಯ ಬೈಕುಗಳ ರೇಸಿಗೂ ಇಳಿಯುತ್ತಿವೆ. ಹೀಗೆ ರೇಸಿಗೆ ಇಳಿಸುವವರು ಮೊದಲು ಬದಲಿಸುವುದು ಸೈಲೆನ್ಸರನ್ನು. ಅದರ ಬದಲಿಗೆ ಹಾಕುವ, ನಡುವೆ ಹೊಟ್ಟೆ ಉಬ್ಬಿದ ಕೊಳವೆಯೇ ಚೇಂಬರ್. ಅಂಗಡಿಯಲ್ಲಿ ತೂಗುಹಾಕಿದ ಚೇಂಬರಿನ ಹೊಳಪು ನೋಡಿ, ಮೊಬೈಲಿನಲ್ಲಿ ಅದರ ಸದ್ದು ಕೇಳಿ ಕೊಂಡುಬಿಡುತ್ತಾರೆ. ಎರಡು ವಾರದಲ್ಲಿ ಪಿಸ್ಟನ್ ಜಾಮ್ ಆಗುತ್ತದೆ ಅಥವಾ ಅದರ ತಲೆಗೆ ತೂತು ಬೀಳುತ್ತದೆ. ಆಗ ಬೈಗುಳ ಎಂಜಿನ್ನಿಗೆ. ಚೇಂಬರ್ ಮಾರುವವರು ಜೊತೆಗೆ ಐದು ಅಂಕಿಗಳನ್ನು ಬರೆದುಕೊಡಬೇಕು, ಕೊಳ್ಳುವವರು ಅವನ್ನು ಕೇಳಿ ಪಡೆಯಬೇಕು ಎಂಬುದು ನಮ್ಮ ಬೇಡಿಕೆ. ಬೆಂಡ್ ಪೈಪಿನ (ಎಂಜಿನ್ನಿನಿಂದ ಹೊರಡುವ ಬಾಗಿದ ಪೈಪು) ಒಳವ್ಯಾಸ, ಒಟ್ಟು ಟ್ಯೂನ್ ಉದ್ದ (ಅಲೆ ಹೋಗಿ ಬರುವ ದಾರಿಯ ಉದ್ದ), ನಡುವಿನ ಹೊಟ್ಟೆಯ ವ್ಯಾಸ, ಸ್ಟಿಂಗರಿನ (ತುದಿಯ ಸಣ್ಣ ಕೊಳವೆ) ಒಳವ್ಯಾಸ, ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮಾಡಿದ್ದು ಎಂಬ ಐದು ಅಂಕಿಗಳಿಲ್ಲದ ಚೇಂಬರ್ ಬರೀ ತಗಡಿನ ಕೊಳವೆ.

ಇಂಥ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯ ದಾರಿಗೆ ವಾಲ್ವ್ ಇಲ್ಲ. ಹೊಗೆ ಹೊರಹೋಗುವ ಪೋರ್ಟ್ (ಸಿಲಿಂಡರಿನ ಗೋಡೆಯ ಕಿಂಡಿ) ತೆರೆದಿರುವಾಗಲೇ ಹೊಸ ಪೆಟ್ರೋಲ್ ಮಿಶ್ರಣ ಒಳಬರುತ್ತದೆ, ಅದರಲ್ಲಿ ಒಂದಿಷ್ಟು ಹೊಗೆಯ ಹಿಂದೆಯೇ ಆಚೆ ಹೊರಟುಬಿಡುತ್ತದೆ. ಇದನ್ನು ತಡೆಯುವುದೇ ಚೇಂಬರಿನ ಕೆಲಸ. ಪೋರ್ಟ್ ತೆರೆದಾಗ ಹೊರಟ ಒತ್ತಡದ ಅಲೆ ಅಗಲವಾಗುವ ಮೊದಲ ಕೋನನ್ನು ಹೊಕ್ಕಾಗ ಅಲ್ಲಿಂದ ಎಳೆತದ ಅಲೆ ಹಿಂದಿರುಗಿ ಬೋರನ್ನು, ಅಂದರೆ ಸಿಲಿಂಡರನ್ನು, ಗುಡಿಸುತ್ತದೆ. ಮುಂದೆ ಕಿರಿದಾಗುವ ಕೋನಿಗೆ ಬಡಿದಾಗ ಒತ್ತಡದ ಅಲೆಯೇ ವಾಪಸಾಗಿ, ಆಚೆ ಹೋದ ಮಿಶ್ರಣವನ್ನು ಪೋರ್ಟ್ ಮುಚ್ಚುವ ಗಳಿಗೆಯಲ್ಲಿ ಮತ್ತೆ ಒಳಗೆ ನೂಕುತ್ತದೆ. ಎಲ್ಲವೂ ಸಮಯದ ಮೇಲೆ ನಿಂತಿದೆ. ಅಲೆ ಬೇಗ ಬಂದರೂ ತಡವಾಗಿ ಬಂದರೂ ಗಾಡಿ ಕಂಪನಿ ಸೈಲೆನ್ಸರಿನಲ್ಲಿ ಓಡಿದಷ್ಟೂ ಓಡುವುದಿಲ್ಲ.

ಈ ವಿದ್ಯೆಯನ್ನು ಪಳಗಿಸಿದವರಲ್ಲಿ ಮುಖ್ಯರು ಪೂರ್ವ ಜರ್ಮನಿಯ ಎಂಝಡ್ ಬೈಕ್ ಕಾರ್ಖಾನೆಯ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು, ಅಂದರೆ ಲೀಟರಿಗೆ 200. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆಂದು ಹೋದವರು ಪಶ್ಚಿಮದ ಕಡೆಗೆ ತಪ್ಪಿಸಿಕೊಂಡು, ಈ ವಿದ್ಯೆಯನ್ನೂ ಹೊತ್ತು ಸುಜುಕಿ ಸೇರಿದರು. 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಸುಜುಕಿಯ ಪಾಲಾಯಿತು. ಚೇಂಬರಿನ ಅಳತೆಗೆ ಇರುವ ಬೆಲೆ ಅಷ್ಟು.

ಮೊದಲು ಆಗಬೇಕಾದ್ದು ಎಂಜಿನ್ನಿನ ಅಳತೆ. ಕ್ರ್ಯಾಂಕಿನ ತುದಿಗೆ ಡಿಗ್ರಿ ಪ್ಲೇಟ್ ಕಟ್ಟಿ, ಡಯಲ್ ಗೇಜಿನಿಂದ ಟಿಡಿಸಿ (ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ) ಹಿಡಿಯಿರಿ. ಪಿಸ್ಟನ್ನಿನ ಮೇಲಂಚು ಎಕ್ಸಾಸ್ಟ್ ಪೋರ್ಟನ್ನು ಕೂದಲೆಳೆಯಷ್ಟು ತೆರೆದಾಗ ಒಂದು ಗುರುತು, ಕೆಳಗೆ ಹೋಗಿ ಬಂದು ಮತ್ತೆ ಮುಚ್ಚಿದಾಗ ಇನ್ನೊಂದು ಗುರುತು. ನಡುವಿನ ಡಿಗ್ರಿಗಳೇ ಪೋರ್ಟ್ ತೆರೆದಿರುವ ಅವಧಿ. ಇದನ್ನು 43,200ರಿಂದ ಗುಣಿಸಿ, ಗರಿಷ್ಠ ಶಕ್ತಿ ಬೇಕಾದ ಆರ್‌ಪಿಎಂನಿಂದ ಭಾಗಿಸಿದರೆ ಮಿಲಿಮೀಟರಿನಲ್ಲಿ ಟ್ಯೂನ್ ಉದ್ದ ಸಿಗುತ್ತದೆ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 518 ಮೀಟರ್ ಎಂದು ಹಿಡಿದ ಲೆಕ್ಕವಿದು. ಉದಾಹರಣೆಗೆ ಅವಧಿ 170 ಡಿಗ್ರಿ, ಆರ್‌ಪಿಎಂ 6500 ಆದರೆ 1130 ಮಿ.ಮೀ. ಅದೇ ಬೋರಿಗೆ 6000 ಸಾಕೆಂದರೆ 1224. ಪೋರ್ಟನ್ನು ಅರದಿಂದ ಉಜ್ಜಿ 180 ಡಿಗ್ರಿ ಮಾಡಿದ್ದರೆ 6500ಕ್ಕೆ 1196. ಬೋರ್ ಕೆಲಸ ಮಾಡಿಸಿದ ಮೇಲೆ ಹಳೆಯ ಚೇಂಬರ್ ಯಾಕೆ ಹೊಂದುವುದಿಲ್ಲ ಎನ್ನುವುದಕ್ಕೆ ಈ 66 ಮಿ.ಮೀ. ಉತ್ತರ.

ಈ ಉದ್ದ ಶುರುವಾಗುವುದು ಪಿಸ್ಟನ್ನಿನ ಮೈಯಿಂದ, ಬೆಂಡ್ ಪೈಪಿನ ಬಾಯಿಂದ ಅಲ್ಲ. ಮುಗಿಯುವುದು ಕಿರಿದಾಗುವ ಹಿಂದಿನ ಕೋನಿನ ನಡುವಿಗಿಂತ ತುಸು ಆಚೆ. ಬಾಗಿದ ಕಡೆ ಪೈಪಿನ ನಡುಗೆರೆಯ ಮೇಲೆ ದಾರ ಹಿಡಿದು ಅಳೆಯಬೇಕು. ಬೋರಿನೊಳಗಿನ ಪೋರ್ಟ್ ದಾರಿಯನ್ನು ಲೆಕ್ಕಕ್ಕೆ ಹಿಡಿಯದೆ 60 ಮಿ.ಮೀ. ತಪ್ಪಿದರೆ, ಮೇಲಿನ ಉದಾಹರಣೆಯಲ್ಲಿ ಸುಮಾರು 350 ಆರ್‌ಪಿಎಂ ತಪ್ಪಿದಂತೆ.

ಇನ್ನು ವ್ಯಾಸ. ಒಂದೇ ಎಕ್ಸಾಸ್ಟ್ ಬಾಯಿಯ 250 ಸಿಸಿ ಎಂಜಿನ್ನನ್ನು ಇಟ್ಟುಕೊಳ್ಳೋಣ. ಬೆಂಡ್ ಪೈಪಿನ ವಿಸ್ತೀರ್ಣ ಪೋರ್ಟಿಗಿಂತ ಶೇ 10ರಿಂದ 15 ಹೆಚ್ಚಿರಲಿ. ಅದು 40 ಮಿ.ಮೀ. ಬಂತು ಎನ್ನಿ. ಪೋರ್ಟ್ ದಾರಿಯೂ ಸೇರಿ ಬೆಂಡ್ ಪೈಪಿನ ಉದ್ದ ವ್ಯಾಸದ ಎಂಟು ಪಟ್ಟು, ಅಂದರೆ 320. ಹೊಟ್ಟೆ ಎರಡೂವರೆ ಪಟ್ಟು, 100. ಅಗಲವಾಗುವ ಮೊದಲ ಕೋನ್ ಒಟ್ಟು 8 ಡಿಗ್ರಿಯಲ್ಲಿ ತೆರೆದರೆ 40ರಿಂದ 100ಕ್ಕೆ ಹೋಗಲು 430 ಮಿ.ಮೀ. ಬೇಕು. ಹಿಂದಿನ ಕೋನ್ ಅದರ ಎರಡು ಪಟ್ಟು ಕಡಿದಾಗಿ, 16 ಡಿಗ್ರಿಯಲ್ಲಿ, 100ರಿಂದ 24ಕ್ಕೆ ಇಳಿದರೆ 270 ಮಿ.ಮೀ. 1130ರಲ್ಲಿ 320, 430, ಜೊತೆಗೆ ಹಿಂದಿನ ಕೋನಿನ 145 ಕಳೆದರೆ ನೇರ ಹೊಟ್ಟೆಗೆ ಉಳಿಯುವುದು 235. ಸ್ಟಿಂಗರ್ ಬೆಂಡ್ ಪೈಪಿನ ವ್ಯಾಸದ 0.58ರಿಂದ 0.62, ಅಂದರೆ 23ರಿಂದ 25 ಮಿ.ಮೀ. ಅದರ ಉದ್ದ ತನ್ನ ವ್ಯಾಸದ ಹನ್ನೆರಡು ಪಟ್ಟು, ಸುಮಾರು 290.

ಅತಿ ಹೆಚ್ಚು ಪಿಸ್ಟನ್ ಬಲಿಯಾಗುವುದು ಸ್ಟಿಂಗರ್ ತಪ್ಪಿದಾಗ. ಅದು ಸಣ್ಣದಾದರೆ ಚೇಂಬರಿನಲ್ಲಿ ಒತ್ತಡ ನಿಂತು, ಶಾಖ ಪಿಸ್ಟನ್ನಿನ ತಲೆಗೇರಿ, ಅಲ್ಯೂಮಿನಿಯಂ ಕರಗುತ್ತದೆ. ದೊಡ್ಡದಾದರೆ ಶಕ್ತಿ ತುಸು ಕಡಿಮೆಯಾದೀತು, ಎಂಜಿನ್ ಉಳಿಯುತ್ತದೆ. ಆದ್ದರಿಂದ ದೊಡ್ಡದರಿಂದ ಶುರುಮಾಡಿ ಒಂದೊಂದೇ ಮಿ.ಮೀ. ಇಳಿಸಿ ನೋಡಬೇಕು. ಆರ್‌ಎಕ್ಸ್ 100 ಎಂಬ ಯಮಾಹಾ ಬೈಕಿನ ಚೇಂಬರನ್ನು ಯೆಜ್ಡಿಯ 250 ಸಿಸಿ ಮಾದರಿಯಾದ ರೋಡ್‌ಕಿಂಗಿಗೆ ಬೆಸೆಯುವ ಚಾಳಿ ಇಲ್ಲಿಯೇ ಮುರಿದುಬೀಳುತ್ತದೆ. 98 ಸಿಸಿಗೆ ಮಾಡಿದ ಸ್ಟಿಂಗರಿನಲ್ಲಿ 250 ಸಿಸಿಯ ಹೊಗೆ ಹೊರಡಲಾರದು.

ಯೆಜ್ಡಿಗೆ ಇನ್ನೊಂದು ವಿಶೇಷವಿದೆ: ಬೋರ್ ಒಂದು, ಎಕ್ಸಾಸ್ಟ್ ಬಾಯಿ ಎರಡು. ಹೊಗೆ ಎರಡು ಭಾಗವಾಗುವುದರಿಂದ ಚೇಂಬರಿನ ಉದ್ದವನ್ನೂ ಅರ್ಧ ಮಾಡುವವರಿದ್ದಾರೆ. ಇದು ತಪ್ಪು. ಉದ್ದವನ್ನು ನಿರ್ಧರಿಸುವುದು ಸಮಯ, ಪಿಸ್ಟನ್ ಎರಡೂ ಬಾಯಿಗಳನ್ನು ಒಂದೇ ಗಳಿಗೆಯಲ್ಲಿ ತೆರೆಯುತ್ತದೆ. ಅರ್ಧವಾಗಬೇಕಾದ್ದು ವಿಸ್ತೀರ್ಣ ಮಾತ್ರ. ಮೇಲಿನ ಎಲ್ಲ ಉದ್ದಗಳನ್ನೂ ಹಾಗೇ ಇಟ್ಟು, ಎಲ್ಲ ವ್ಯಾಸಗಳನ್ನೂ 1.414ರಿಂದ ಭಾಗಿಸಿ. 40 ಇದ್ದದ್ದು 28, ಹೊಟ್ಟೆ 71, ಸ್ಟಿಂಗರ್ 17 ಆಗುತ್ತದೆ. ಎಡಬಲದ ಉದ್ದದಲ್ಲಿ ಎರಡು ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸಣ್ಣ ಪೈಪುಗಳು ಬೇಗ ಶಾಖ ಕಳೆದುಕೊಳ್ಳುತ್ತವೆ, ಎರಡೂ ಸೇರಿ ತೂಕವೂ ಹೆಚ್ಚು. ಎರಡನ್ನೂ ಒಂದೇ ಚೇಂಬರಿಗೆ ಸೇರಿಸುವುದಾದರೆ ಎರಡು ಕಡೆಯ ದಾರಿ ಸಮ ಇರಲಿ, ಕೂಡುವ ಜಾಗ ಬೋರಿಗೆ ಹತ್ತಿರ ಇರಲಿ, ಎರಡು ಪೈಪುಗಳು ಕೂಡುವಾಗ ನಡುವಿನ ಡಿಗ್ರಿ ಕಡಿಮೆ ಇರಲಿ. ಒಂದು ಬಾಯಿಗೆ ಬಿರಡೆ ಜಡಿಯುವುದು ಮಾತ್ರ ಬೇಡವೇ ಬೇಡ, ಅರ್ಧ ಪೋರ್ಟ್ ಕಳೆದುಕೊಂಡ ಎಂಜಿನ್ ಮೇಲಿನ ಆರ್‌ಪಿಎಂ ಹತ್ತುವುದಿಲ್ಲ.

ಎಷ್ಟು ಆರ್‌ಪಿಎಂಗೆ ಮಾಡಿಸಬೇಕೆಂದು ಹೇಳುವುದು ಗೇರ್‌ಬಾಕ್ಸ್. ರೋಡ್‌ಕಿಂಗಿನದು ನಾಲ್ಕೇ ಗೇರ್, ನಡುವೆ ಅಂತರ ದೊಡ್ಡದು. ಎರಡು ಗೇರುಗಳ ಅನುಪಾತ 1.30 ಮತ್ತು 1.00 ಇದ್ದರೆ 6500ರಲ್ಲಿ ಗೇರ್ ಏರಿಸಿದಾಗ ಎಂಜಿನ್ 5000ಕ್ಕೆ ಬೀಳುತ್ತದೆ. ಚೇಂಬರ್ 5800ರಲ್ಲಿ ಎದ್ದು 6500ರಲ್ಲಿ ಮಲಗುವಂಥದ್ದಾದರೆ ಪ್ರತಿ ಗೇರಿಗೂ ಗಾಡಿ ಮುಗ್ಗರಿಸುತ್ತದೆ. ಹಾಗಾಗಿ ಯೆಜ್ಡಿಗೆ ಕೋನುಗಳ ಇಳಿಜಾರು ಸೌಮ್ಯವಾಗಿರುವ, ಪವರ್ ಬ್ಯಾಂಡ್ (ಶಕ್ತಿ ಸಿಗುವ ಆರ್‌ಪಿಎಂ ವ್ಯಾಪ್ತಿ) ಅಗಲವಾಗಿರುವ ಚೇಂಬರೇ ಸರಿ. ಯಮಾಹಾ ಆರ್‌ಡಿ 350ಯ ಭಾರತೀಯ ರೂಪವಾದ, ಆರು ಗೇರಿನ ರಾಜದೂತ್ 350ಗೆ ಕಡಿದಾದ ಕೋನು ನಡೆದೀತು. ಅಲ್ಲಿ ಎರಡು ಬೋರಿಗೆ ಎರಡು ಬೇರೆ ಚೇಂಬರ್, ಒಂದಕ್ಕೊಂದು ಸೇರಿಸಬಾರದು. ಜಪಾನಿನ ಆರ್‌ಡಿ 350ಯ ಶಕ್ತಿ 39 ಅಶ್ವಶಕ್ತಿ ಇದ್ದರೆ ನಮ್ಮ ರಾಜದೂತಿನ ಹೈ ಟಾರ್ಕ್ ಮಾದರಿಯದು 30.5, ಲೋ ಟಾರ್ಕ್ ಮಾದರಿಯದು 27 ಎಂದಿತ್ತು. ಜಪಾನಿನ ಗಾಡಿಗೆಂದು ಮಾಡಿದ ಚೇಂಬರನ್ನು ಪೋರ್ಟ್ ಅವಧಿ ಅಳೆಯದೆ ಇವಕ್ಕೆ ಹಾಕಬಾರದು. ಬುಲೆಟ್‌ನಂಥ ಫೋರ್ ಸ್ಟ್ರೋಕ್ ಗಾಡಿಗಳ ಲೆಕ್ಕವೇ ಬೇರೆ, ಇಲ್ಲಿನ ಯಾವ ಅಂಕಿಯೂ ಅವಕ್ಕೆ ಅನ್ವಯಿಸದು.

ಮಾಡಿಸುವವರು 0.9 ಅಥವಾ 1 ಮಿ.ಮೀ. ತಗಡು ಬಳಸಲಿ. ಮೇಲಿನ 430ರ ಕೋನಿಗೆ ತಗಡಿನ ಮೇಲೆ 717 ಮತ್ತು 287 ಮಿ.ಮೀ. ತ್ರಿಜ್ಯದ ಎರಡು ಕಮಾನು ಎಳೆದು 25 ಡಿಗ್ರಿ ಕತ್ತರಿಸಿದರೆ ಸುತ್ತಿದಾಗ ಸರಿಯಾಗಿ ಕೂರುತ್ತದೆ, ಬೆಸುಗೆಯ ಅಂಚನ್ನು ಬೇರೆಯಾಗಿ ಬಿಡಬೇಕು. ಬೆಸುಗೆಯ ಉಂಡೆಗಳು ಒಳಗೆ ಉಳಿಯದಂತೆ ಉಜ್ಜಿ. ಬೆಂಡ್ ಪೈಪನ್ನು ಲೆಕ್ಕಕ್ಕಿಂತ 50 ಮಿ.ಮೀ. ಹೆಚ್ಚು ಉದ್ದವಾಗಿಯೇ ಇಟ್ಟು ಜಾರುವ ಜೋಡಣೆ ಕೊಟ್ಟರೆ ಟ್ರ್ಯಾಕಿನಲ್ಲಿ ಓಡಿಸಿ ನೋಡಿ ಕತ್ತರಿಸಬಹುದು. 6500ರ ಹತ್ತಿರ 20 ಮಿ.ಮೀ. ಕತ್ತರಿಸಿದರೆ ಸುಮಾರು 115 ಆರ್‌ಪಿಎಂ ಮೇಲೇರುತ್ತದೆ. ಒಮ್ಮೆಗೇ ಹೆಚ್ಚು ಕತ್ತರಿಸಿದರೆ ಮತ್ತೆ ಅಂಟಿಸುವ ಕೆಲಸ.

ಬೋರಿನ ಬಾಯಿಯ ಗ್ಯಾಸ್ಕೆಟ್ ಪೋರ್ಟಿಗಿಂತ ಕಿರಿದಾಗಿ ಒಳಗೆ ಚಾಚಿರಬಾರದು. ಯೆಜ್ಡಿಯ ಕಾಲರ್ ನಟ್ಟನ್ನು ಉಳಿ ಸುತ್ತಿಗೆಯಿಂದ ಹೊಡೆದು ಬಿಗಿ ಮಾಡಿದರೆ ಬೋರಿನ ಮರೆ (ಥ್ರೆಡ್) ಹಾಳಾಗುತ್ತದೆ, ಅದಕ್ಕೆಂದೇ ಇರುವ ಕೊಕ್ಕೆ ಸ್ಪ್ಯಾನರ್ ಬಳಸಿ, ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಚೇಂಬರಿನ ಹೊಟ್ಟೆಯನ್ನು ಫ್ರೇಮಿಗೆ ರಬ್ಬರ್ ಬುಷ್ ಮೂಲಕವೇ ಕಟ್ಟಬೇಕು, ಬ್ರ್ಯಾಕೆಟ್ ಬೆಸೆಯುವ ಕಡೆ ಅಡಿಯಲ್ಲಿ ಇನ್ನೊಂದು ತಗಡು ಕೊಡಬೇಕು. ಇಲ್ಲದಿದ್ದರೆ ಅದುರಾಟಕ್ಕೆ ಬೆಸುಗೆಯ ಅಂಚಿನಲ್ಲೇ ಬಿರುಕು ಬಿಡುತ್ತದೆ. ಸಸ್ಪೆನ್ಷನ್ ಪೂರ್ತಿ ಒತ್ತಿ, ಗಾಡಿ ವಾಲಿಸಿ ನೆಲಕ್ಕೆ ತಾಗುತ್ತದೆಯೇ ನೋಡಿ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಎಡಗಡೆಯ ಒಂದೇ ಲಿವರ್. ಅದು ಕೆಳಗಿನವರೆಗೂ ಬರಲು ಎಡ ಚೇಂಬರ್ ಜಾಗ ಬಿಡಬೇಕು. ಶಾಖ ತಡೆಯುವ ಪಟ್ಟಿ ಸುತ್ತುವವರಿಗೆ ಒಂದು ಮಾತು: ಒಳಗಿನ ಹೊಗೆ ಹೆಚ್ಚು ಬಿಸಿಯಾದಂತೆ ಅಲೆ ವೇಗವಾಗುತ್ತದೆ, ಶಕ್ತಿ ಬರುವ ಆರ್‌ಪಿಎಂ ಮೇಲಕ್ಕೆ ಜರುಗುತ್ತದೆ.

ಚೇಂಬರ್ ಹಾಕಿದ ದಿನವೇ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹರಿಯುವ ತೂತಿನ ತಿರುಪು) ಎರಡು ಮೂರು ಸೈಜ್ ದೊಡ್ಡದು ಹಾಕಿ, ಅಲ್ಲಿಂದ ಇಳಿಯುತ್ತಾ ಬನ್ನಿ. ಟ್ರ್ಯಾಕಿನ ಉದ್ದನೆಯ ನೇರದಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಬಿಳಿ ಪಿಂಗಾಣಿಯ ಬುಡದಲ್ಲಿ ಕಾಫಿ ಬಣ್ಣದ ಉಂಗುರ ಇದ್ದರೆ ಸರಿ. ಬೆಳ್ಳಗಿದ್ದರೆ ಜೆಟ್ ಸಣ್ಣದು. ಬೂದು ಬಣ್ಣದ ಚುಕ್ಕೆಗಳು ಕಂಡರೆ ಪಿಸ್ಟನ್ ಆಗಲೇ ಕರಗತೊಡಗಿದೆ, ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಉಳಿಯಲೆಂದು ಟೂಟಿ ಆಯಿಲ್ (ಪೆಟ್ರೋಲಿಗೆ ಬೆರೆಸುವ ಟೂ ಸ್ಟ್ರೋಕ್ ಎಣ್ಣೆ) ಹೆಚ್ಚು ಬೆರೆಸುವವರು ಜೆಟ್ಟನ್ನೂ ದೊಡ್ಡದು ಮಾಡಬೇಕು. ಅದೇ ಜೆಟ್ಟಿನಲ್ಲಿ ಆಯಿಲ್ ಹೆಚ್ಚಿದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ.

ಸದ್ದಿನ ವಿಚಾರ. ಸ್ಟಿಂಗರಿನ ತುದಿಗೆ ತೂತಿನ ಕೊಳವೆ, ಗಾಜಿನ ಉಣ್ಣೆ ತುಂಬಿದ ಚಿಕ್ಕ ಸೈಲೆನ್ಸರ್ ಹಾಕಿದರೆ ಶಕ್ತಿ ಕುಗ್ಗುವುದಿಲ್ಲ, ಒಳಗಿನ ಕೊಳವೆ ಸ್ಟಿಂಗರಿಗಿಂತ ಕಿರಿದಾಗಿರದಿದ್ದರೆ ಸಾಕು. ಉಣ್ಣೆ ಎಣ್ಣೆ ಕುಡಿದು ಗಟ್ಟಿಯಾದಾಗ ಬದಲಿಸಬೇಕು. ಇಷ್ಟಾದರೂ ರೇಸಿನ ಚೇಂಬರ್ ಟ್ರ್ಯಾಕಿಗೆ ಮಾತ್ರ. 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲಿ ನಮ್ಮಲ್ಲಿರುವ ಮಿತಿ 80 ಡೆಸಿಬೆಲ್. ಆಸ್ಪತ್ರೆ, ಶಾಲೆ ಇರುವ ಬೀದಿಯಲ್ಲಿ ಚೇಂಬರ್ ಸದ್ದು ಮಾಡುವವರಿಂದ ಹಳೆಯ ಗಾಡಿಗಳನ್ನು ಪ್ರೀತಿಯಿಂದ ಕಾಪಾಡುವವರಿಗೂ ಕೆಟ್ಟ ಹೆಸರು.

ಬಿಚ್ಚಿಟ್ಟ ಮೂಲ ಸೈಲೆನ್ಸರುಗಳನ್ನು ದಯವಿಟ್ಟು ಗುಜರಿಗೆ ಹಾಕಬೇಡಿ, ಕೊಯ್ದು ಚೇಂಬರ್ ಮಾಡಿಸಬೇಡಿ. ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಒಳಭಾಗ) ತೆಗೆದು, ಕಟ್ಟಿಕೊಂಡ ಕರಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ಬಿಡಿಸಿ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ, ಅಲ್ಯೂಮಿನಿಯಂ ಭಾಗಗಳನ್ನು ಆ ನೀರಿಗೆ ಹಾಕಬೇಡಿ. ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಒಳಗೆ ಎಂಜಿನ್ ಆಯಿಲ್ ಸವರಿ, ಎರಡೂ ಬಾಯಿಗೆ ಬಟ್ಟೆ ತುರುಕಿ ಅಟ್ಟದ ಮೇಲಿಡಿ.

ಹಳೆಯ ಟೂ ಸ್ಟ್ರೋಕ್ ಬೈಕುಗಳ ಕೆಲಸಗಾರರು,
ಮೈಸೂರು