ಎಂಟು ಗಜದ ನಿರಿಗೆ

ಪುಟ್ಟೀ,

ನೀನು ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋದಾಗ ನಾನು ಎಚ್ಚರವಾಗೇ ಇದ್ದೆ. ಎದ್ದು ಬಂದು ಮಾತಾಡಿಸಲು ಮುಖ ಇರಲಿಲ್ಲ. ಅದಕ್ಕೇ ಈ ಪತ್ರ.

ನಿನ್ನೆ ಎಡಿನ್‌ಬರೋದ ಆ ರಾಯಲ್ ಮೈಲ್ ಬೀದಿಯಲ್ಲಿ ನಿನ್ನ ಮದುವೆಗೆ ಕೋಟಿನ ಅಳತೆ ಕೊಡುವಾಗ ಬೀಗರ ಎದುರೇ "ಈ ಲಂಗ ನಾನು ಉಡಲ್ಲ" ಅಂದುಬಿಟ್ಟೆ. ಅವರಿಗೆ ಕನ್ನಡ ಬರುವುದಿಲ್ಲ, ಆದರೆ ನನ್ನ ದನಿ ತಿಳಿದಿರುತ್ತದೆ. ಅದೂ ಅವರ ಅಪ್ಪನ ಕಿಲ್ಟು, ಸ್ಕಾಟ್‌ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ ನಿರಿಗೆಯ ಉಡುಪು. ಕಲೋಡನ್ ಯುದ್ಧದಲ್ಲಿ ಇಲ್ಲಿನ ಗುಡ್ಡಗಾಡಿನವರು ಸರ್ಕಾರದ ಸೈನ್ಯಕ್ಕೆ ಸೋತ ಮೇಲೆ, 1746ರಲ್ಲಿ ಕಾನೂನು ಮಾಡಿ, ಸೈನ್ಯದವರನ್ನು ಬಿಟ್ಟು ಉಳಿದ ಗಂಡಸರು ಈ ಉಡುಪು ತೊಡಬಾರದು ಅಂದರಂತೆ. ಆ ಕಾನೂನು ಹೋಗಿದ್ದು 1782ಕ್ಕೆ. ದಾರಿಯಲ್ಲಿ ಬೀಗರು ಎಷ್ಟು ಅಕ್ಕರೆಯಿಂದ ಹೇಳಿದರು! ಅದನ್ನು ನಾನು ಲಂಗ ಅಂದೆ. ತಪ್ಪಾಯಿತು.

ಬೆಳಿಗ್ಗೆ ಅದನ್ನು ಮಂಚದ ಮೇಲೆ ಹರವಿದೆ. ದರ್ಜಿ ಅಲ್ವಾ, ಮೊದಲು ಒಳಮೈ ತಿರುಗಿಸಿ ನೋಡಿದೆ. ಎಂಟು ಗಜ ಉಣ್ಣೆ, ಅಂದರೆ ಏಳು ಮೀಟರಿಗೂ ಜಾಸ್ತಿ. ನಮ್ಮ ಪಂಚೆಗೆ ನಿರಿಗೆ ಮುಂದೆ, ಇದಕ್ಕೆ ಎಲ್ಲವೂ ಹಿಂದೆ. ಮುಂಭಾಗ ಪೂರಾ ಸಪಾಟು. ಸೊಂಟದಿಂದ ಪೃಷ್ಠದವರೆಗೆ ಮಾತ್ರ ಹೊಲಿಗೆ, ಅಲ್ಲಿಂದ ಕೆಳಗೆ ನಿರಿಗೆ ಬಿಡುಬೀಸು. ಇಪ್ಪತ್ತೇಳು ನಿರಿಗೆ, ಎಲ್ಲ ಕೈಹೊಲಿಗೆ. ಇಷ್ಟು ಮಡಚಿದರೂ ಮುಂದಿನ ಚೆಕ್ಸ್ ಹಿಂದೆಯೂ ಒಂದು ಗೆರೆ ತಪ್ಪದೆ ಕೂತಿದೆ.

ಅಲ್ಲಿ ಕೈ ನಿಂತಿತು. ಏಳನೇ ಕ್ಲಾಸಿನ ನಿನ್ನ ಯೂನಿಫಾರ್ಮ್. ಅದಕ್ಕೂ ಚೆಕ್ಸೇ. ಅರ್ಧ ಮೀಟರ್ ಉಳಿಸೋಣ ಅಂತ ಆರು ನಿರಿಗೆ ಕಮ್ಮಿ ಹಾಕಿದೆ. ಪಕ್ಕದ ಹೊಲಿಗೆಯಲ್ಲಿ ಚೆಕ್ಸ್ ಒಂದು ಬೆರಳು ಜಾರಿತ್ತು. ಗೊತ್ತಿತ್ತು ನನಗೆ. ಗಿರಾಕಿಯೊಬ್ಬರ ಬ್ಲೌಸು ಅರ್ಜೆಂಟಿತ್ತು, ಬಿಚ್ಚಲಿಲ್ಲ. ನಿನ್ನನ್ನು ಡ್ರಿಲ್ಲಿಗೆ ಮುಂದಿನ ಸಾಲಲ್ಲಿ ನಿಲ್ಲಿಸಿದ್ದರು. ಮನೆಗೆ ಬಂದು ನೀನು ಏನೂ ಹೇಳಲಿಲ್ಲ. ಅದನ್ನು ಮಡಚಿ ನನ್ನ ಮಿಷನ್ನಿನ ಕೆಳಗೆ ಇಟ್ಟೆ, ಅಷ್ಟೇ. ಬಟ್ಟೆ ಇರಲಿಲ್ಲ ಅಂತಲ್ಲ ಪುಟ್ಟೀ. ಬಿಚ್ಚಿ ಹೊಲಿಯಲು ಒಂದು ಗಂಟೆ ಸಾಕಿತ್ತು. ಊರಿನವರಿಗೆಲ್ಲ ಚೆಕ್ಸ್ ಕೂಡಿಸಿ ಕೊಟ್ಟವನು ನಾನು. ಒಂದೇ ಗಂಟೆ.

ನಿನ್ನೆ ಉಡಲ್ಲ ಅಂದಿದ್ದಕ್ಕೆ ನಿಜ ಕಾರಣ ನನ್ನ ಕಾಲು. ನಲವತ್ತು ವರ್ಷ ಪೆಡಲ್ ತುಳಿದು ಮೀನಖಂಡದ ನರಗಳೆಲ್ಲ ಗಂಟುಕಟ್ಟಿವೆ. ನಿನ್ನ ಮದುವೆಯ ಫೋಟೋದಲ್ಲಿ ಅವು ಕಾಣುತ್ತವಲ್ಲ ಅಂತ ಹೆದರಿದೆ. ಈಗ ಹಾಕಿ ನೋಡಿದೆ. ಆ ದಪ್ಪ ಉಣ್ಣೆ ಕಾಲುಚೀಲ ಮೊಣಕಾಲಿನ ಕೆಳಗಿನವರೆಗೂ ಬರುತ್ತದೆ. ಏನೂ ಕಾಣುವುದಿಲ್ಲ.

ಅಳಿಯಂದಿರಿಗೆ ಎರಡು ಮಾತು ಹೇಳು. ಕಿಲ್ಟಿನ ಮುಂದೆ ಎರಡು ಪದರ ಇರುತ್ತವಲ್ಲ, ಪಿನ್ನನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಎರಡಕ್ಕೂ ಸೇರಿಸಿದರೆ ನಡೆಯುವಾಗ ಬಟ್ಟೆ ಎಳೆಯುತ್ತದೆ. ಪ್ರಿನ್ಸ್ ಚಾರ್ಲಿ ಅನ್ನುವ ಆ ಗಿಡ್ಡ ಕೋಟಿನೊಳಗೆ ವೇಸ್ಟ್‌ಕೋಟ್ ಇರುವಾಗ ಬೆಲ್ಟ್ ಬೇಡ. ಕೂರುವಾಗ ಹಿಂದಿನ ನಿರಿಗೆ ಕೈಯಿಂದ ಸವರಿಕೊಂಡೇ ಕೂರಲಿ. ಹುಟ್ಟಿದಾಗಿನಿಂದ ಇದನ್ನೇ ನೋಡಿದವರಿಗೆ ನಾನು ಹೇಳಬೇಕೇ? ಇರಲಿ, ಹೇಳು. ನೀನೂ ಅಷ್ಟೇ, ಸಿಟ್ಟು ಬಂದರೆ ಬಾಯಿ ಬಿಟ್ಟು ಹೇಳು, ಮಡಚಿ ಇಡಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಈ ಥಂಡಿಯಲ್ಲಿ ತಲೆ ಒದ್ದೆ ಬಿಟ್ಟುಕೊಂಡು ಹೋಗುತ್ತೀಯ... ಶುರುವಾಯಿತು ನೋಡು ನನ್ನದು.

ಒಬ್ಬಳೇ ಬಂದು ಈ ಊರಲ್ಲಿ ನಿಂತೆ ನೀನು. ನಿನ್ನೆ ಅಂಗಡಿಯವನ ಹತ್ತಿರ ಅವರದೇ ಇಂಗ್ಲಿಷಿನಲ್ಲಿ ಚೌಕಾಸಿ ಮಾಡುತ್ತಿದ್ದೆಯಲ್ಲ, ಕೇಳುತ್ತಾ ನಿಂತಿದ್ದೆ. ಅಮ್ಮ ಇದ್ದಿದ್ದರೆ... ಬೇಡ ಬಿಡು.

ಕಿಲ್ಟಿನ ಒಳಗಿನ ಹೊಲಿಗೆ ಒಂದು ಕಡೆ ಎರಡಿಂಚು ಬಿಟ್ಟಿತ್ತು. ಬೀಗರನ್ನು ಕೇಳದೆಯೇ ಹೊಲಿದಿದ್ದೇನೆ, ನೀನೇ ತಿಳಿಸು. ಉಟ್ಟೂ ನೋಡಿದೆ, ಬಕಲ್ ಕಡೆಯ ತೂತಿಗೆ ಸರಿಯಾಯಿತು. ಶೂ ಒಂದು ಮಾತ್ರ ಗೊತ್ತಾಗಲಿಲ್ಲ. ನಾಲಿಗೆಯೇ ಇಲ್ಲ, ಲೇಸು ಮಾರುದ್ದ. ಎಷ್ಟು ಸುತ್ತಿದರೂ ಜಾರಿ ಹಿಮ್ಮಡಿಗೆ ಬರುತ್ತದೆ. ಸಂಜೆ ಬಂದ ಮೇಲೆ ಕಟ್ಟಿಕೊಡು.

ಅಪ್ಪ